ಬ್ರೆಡ್ಡು ಉಬ್ಬಿ ಕುಸಿಯಿತು, ಪಾಪೋವರ್ ಉಬ್ಬಲೇ ಇಲ್ಲ: ಎರಡೂ ಒಂದೇ ತಪ್ಪಲ್ಲ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಡಿಸೆಂಬರ್‌ನಲ್ಲಿ 20 ಲೀಟರಿನ ಓಟಿಜಿ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) ತಂದು ಬ್ರೆಡ್ ಮಾಡಲು ಶುರು ಮಾಡಿದೆ. ಆಗ ಚೆನ್ನಾಗಿಯೇ ಬರುತ್ತಿತ್ತು. ಏಪ್ರಿಲ್‌ನಿಂದ ಕೈಕೊಡುತ್ತಿದೆ. ಅದೇ ಅಳತೆ, ಅದೇ ಉಗುರುಬೆಚ್ಚಗಿನ ನೀರು, ಅದೇ ಎರಡು ಗಂಟೆ. ಹಿಟ್ಟು ಟಿನ್ನಿನ ಅಂಚು ದಾಟಿ ಉಬ್ಬುತ್ತದೆ. ಓವನ್ನಿಗೆ ಇಟ್ಟ ಹತ್ತು ನಿಮಿಷಕ್ಕೆ ನಡುವೆ ಗುಂಡಿ ಬೀಳುತ್ತದೆ, ಹೆಂಡದ ವಾಸನೆ ಹೊಡೆಯುತ್ತದೆ. ಒಂದು ಸಲ ಮೂರನೇ ದಿನಕ್ಕೆ ಬ್ರೆಡ್ಡಿನ ಒಳಗೆಲ್ಲ ಅಂಟಂಟಾಗಿ ಕರಬೂಜ ಕೊಳೆತಂಥ ವಾಸನೆ ಬಂತು. ಬೋರ್‌ವೆಲ್ ನೀರಿಗೆ ಯೀಸ್ಟ್ ಸಾಯುತ್ತದೆ ಎಂದು ಒಬ್ಬರು, ಉಪ್ಪು ತಾಗಿದರೆ ಸಾಯುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಮಗಳು ಕೇಳಿದಳೆಂದು ಪಾಪೋವರ್ ಎಂಬ, ಒಳಗೆ ಪೊಳ್ಳಾಗಿ ಉಬ್ಬುವ ಮೊಟ್ಟೆಯ ತಿಂಡಿಯನ್ನೂ ಮೂರು ಸಲ ಮಾಡಿದೆ: ಎರಡು ನಾಟಿ ಕೋಳಿ ಮೊಟ್ಟೆ, ಒಂದು ಕಪ್ ಮೈದಾ, ಒಂದು ಕಪ್ ಹಾಲು. ಉಬ್ಬಲಿ ಎಂದು ಎರಡು ಗಂಟೆ ಬೆಚ್ಚಗೆ ಇಟ್ಟೆ, ಮೂರನೇ ಸಲ ಬೇಕಿಂಗ್ ಪೌಡರ್ ಕೂಡ ಹಾಕಿದೆ. ಕಡುಬಿನಂತೆ ಗಟ್ಟಿಯಾಗಿ ಕೂತಿತು. ನಮ್ಮತ್ತೆ ಮೊಟ್ಟೆ ತಿನ್ನುವುದಿಲ್ಲ. ಯೀಸ್ಟ್ ಅಂದರೆ ಹೆಂಡ ಎಂದು ಬ್ರೆಡ್ಡನ್ನೂ ಮುಟ್ಟುವುದಿಲ್ಲ. ಮೊಟ್ಟೆಯಿಲ್ಲದೆ ಪಾಪೋವರ್ ಆಗುತ್ತದೆಯೇ? ರಾಗಿ ಬ್ರೆಡ್ ಮಾಡಬಹುದೇ? ಇನ್ನೂ ದೊಡ್ಡ ಓವನ್ ತೆಗೆದುಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಉತ್ತರದ ಅರ್ಧ ಭಾಗ ಆಗಲೇ ಇದೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ಬರುತ್ತಿತ್ತು, ಏಪ್ರಿಲ್‌ನಿಂದ ಕೆಟ್ಟಿತು ಎಂದು ನೀವೇ ಬರೆದಿದ್ದೀರಿ. ನೀರು ಅದೇ ಬೋರ್‌ವೆಲ್ಲಿನದು, ಉಪ್ಪು ಅದೇ, ಕೈಯೂ ಅದೇ. ಬದಲಾದದ್ದು ನಿಮ್ಮ ಅಡುಗೆಮನೆಯ ಬಿಸಿ ಒಂದೇ. ಆದ್ದರಿಂದ ನೀರನ್ನೂ ಉಪ್ಪನ್ನೂ ಸದ್ಯಕ್ಕೆ ಬಿಟ್ಟುಬಿಡೋಣ, ಅವುಗಳ ಮಾತು ಆಮೇಲೆ.

ನಾನು ತುಮಕೂರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕರಿ ನಡೆಸಿದ್ದೇನೆ. ಈಗ ಮನೆಯಲ್ಲಿ ಬ್ರೆಡ್ ಮಾಡುವವರಿಗೆ ಕಲಿಸುತ್ತೇನೆ. ಬೇಕರಿ ಶುರು ಮಾಡಿದ ಮೊದಲ ಬೇಸಿಗೆಯಲ್ಲೇ ನಿಮಗಾದದ್ದು ನನಗೂ ಆಗಿತ್ತು. ಚಳಿಗಾಲದಲ್ಲಿ ಬರೆದಿಟ್ಟುಕೊಂಡ ಹೊತ್ತನ್ನೇ ನಂಬಿ ನಲವತ್ತು ಬ್ರೆಡ್ಡಿನ ಹಿಟ್ಟನ್ನು ಟಿನ್ನುಗಳಿಗೆ ತುಂಬಿ ಸಂತೆಗೆ ಹೋಗಿ ಬಂದೆ. ಬಂದು ನೋಡಿದರೆ ಹಿಟ್ಟು ಟಿನ್ನಿನಿಂದ ಇಳಿದು ಹಲಗೆಯ ಮೇಲೆ ಹರಿದಿತ್ತು. ಆ ದಿನದ ನಷ್ಟ ನನಗೆ ಇಂದಿಗೂ ನೆನಪಿದೆ. ಅಂದಿನಿಂದ ನಾನು ಹಿಟ್ಟನ್ನು ಹೊತ್ತು ನೋಡಿ ಒಲೆಗೆ ಇಟ್ಟಿಲ್ಲ, ಹಿಟ್ಟನ್ನೇ ನೋಡಿ ಇಟ್ಟಿದ್ದೇನೆ.

ನಿಮಗೆ ಇದನ್ನು ಹೇಳಿಕೊಡುವುದು ಸುಲಭ, ಏಕೆಂದರೆ ಇದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ನೀವು ದಿನವೂ ಮಾಡುತ್ತೀರಿ. ಹಣ್ಣಾದ ಹುಳುವನ್ನು, ಅಂದರೆ ಗೂಡು ಕಟ್ಟಲು ಸಿದ್ಧವಾದದ್ದನ್ನು, ನೀವು ಕ್ಯಾಲೆಂಡರ್ ನೋಡಿ ಚಂದ್ರಿಕೆಯ ತಟ್ಟೆಗೆ ಬಿಡುವುದಿಲ್ಲ. ಮೈ ತಿಳಿಯಾಗಿ ಹೊನ್ನಿನ ಬಣ್ಣ ಬಂದು, ಸೊಪ್ಪು ಬಿಟ್ಟು ತಲೆ ಎತ್ತಿದೆಯೇ ಎಂದು ಹುಳುವನ್ನೇ ನೋಡುತ್ತೀರಿ. ಸೆಕೆ ಹೆಚ್ಚಿದರೆ ಒಂದು ದಿನ ಮೊದಲು, ಚಳಿಯಾದರೆ ಒಂದು ದಿನ ತಡ. ಯೀಸ್ಟೂ ಜೀವವೇ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗಳಿಗೆ, ನೀವು 27, 28 ಡಿಗ್ರಿ ಕಾಯ್ದುಕೊಳ್ಳುತ್ತೀರಲ್ಲ, ಬ್ರೆಡ್ ಹಿಟ್ಟಿಗೆ ಹಿತವಾದ ತಾಪವೂ ಹೆಚ್ಚುಕಡಿಮೆ ಅದೇ: 25ರಿಂದ 28 ಡಿಗ್ರಿ ಸೆಲ್ಸಿಯಸ್. ತಾಪ ಹತ್ತು ಡಿಗ್ರಿ ಏರಿದರೆ ಹುಳಿಯುವ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ. ಡಿಸೆಂಬರ್‌ನಲ್ಲಿ ನಿಮ್ಮ ಅಡುಗೆಮನೆ 20, 21 ಡಿಗ್ರಿ ಇದ್ದಿರಬೇಕು. ಏಪ್ರಿಲ್ ಮಧ್ಯಾಹ್ನ 34. ಡಿಸೆಂಬರ್‌ನ ಎರಡು ಗಂಟೆ ಏಪ್ರಿಲ್‌ನಲ್ಲಿ ಒಂದು ಗಂಟೆಗೂ ಕಡಿಮೆ. ಉಳಿದ ಒಂದು ಗಂಟೆ ಹಿಟ್ಟು ಸುಮ್ಮನೆ ಕೆಡುತ್ತಿತ್ತು.

ಆ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ ನೋಡಿ. ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಒಂದಿಷ್ಟು ಆಲ್ಕೊಹಾಲನ್ನೂ ಬಿಡುತ್ತದೆ. ಗೋಧಿಯ ಗ್ಲುಟನ್, ಅಂದರೆ ಹಿಟ್ಟನ್ನು ನಾದಿದಾಗ ಬರುವ ಆ ಜಗ್ಗುವ ಗುಣ, ಅನಿಲವನ್ನು ಸಾವಿರಾರು ಪುಟ್ಟ ಚೀಲಗಳಲ್ಲಿ ಹಿಡಿದಿಡುತ್ತದೆ. ಚೀಲ ಹಿಗ್ಗುವುದಕ್ಕೆ ಒಂದು ಮಿತಿ ಇದೆ. ಹಿಟ್ಟು ಓವನ್ನಿಗೆ ಹೋದ ಮೊದಲ ಹತ್ತು ನಿಮಿಷ ಯೀಸ್ಟ್ ಸಾಯುವ ಮುನ್ನ ಒಮ್ಮೆ ಜೋರಾಗಿ ಕೆಲಸ ಮಾಡುತ್ತದೆ, ಅನಿಲವೂ ಬಿಸಿಗೆ ಹಿಗ್ಗುತ್ತದೆ. ಆಗಲೇ ಮಿತಿ ಮೀರಿ ಹಿಗ್ಗಿದ ಚೀಲಗಳು ಈ ಕೊನೆಯ ಒತ್ತಡ ತಾಳದೆ ಒಡೆಯುತ್ತವೆ. ನಡುವೆ ಗುಂಡಿ ಬೀಳುವುದು ಆಗಲೇ. ಹೆಂಡದ ವಾಸನೆ ಅತಿಯಾಗಿ ಹುಳಿದದ್ದರ ಗುರುತು. ನೀವು ಬರೆದಿಲ್ಲ, ಆದರೆ ಬ್ರೆಡ್ಡಿನ ಮೇಲ್ಪದರವೂ ಬಿಳಚಿಕೊಂಡಿತ್ತು ಅನಿಸುತ್ತದೆ. ಕೆಂಪು ಬಣ್ಣಕ್ಕೆ ಬೇಕಾದ ಸಕ್ಕರೆಯನ್ನು ಯೀಸ್ಟ್ ಮೊದಲೇ ತಿಂದು ಮುಗಿಸಿರುತ್ತದೆ. ಹಾಗಿದ್ದರೆ ರೋಗ ಇದೇ ಎಂದು ಖಚಿತವಾಗಿ ತಿಳಿದುಕೊಳ್ಳಿ.

ಉಗುರುಬೆಚ್ಚಗಿನ ನೀರು ಎಂಬ ಮಾತು ಚಳಿದೇಶದ ಅಡುಗೆಮನೆಯಿಂದ ಬಂದದ್ದು. ಬೇಕರಿಯವರು ನೀರಿನ ತಾಪವನ್ನು ಲೆಕ್ಕ ಹಾಕಿ ತೆಗೆಯುತ್ತಾರೆ, ಮನೆಯಲ್ಲೂ ಅದನ್ನೇ ಮಾಡಬಹುದು. ನಾದಿದ ಹಿಟ್ಟು 26 ಡಿಗ್ರಿ ಇರಬೇಕೆಂದುಕೊಳ್ಳಿ. 26ನ್ನು ಮೂರರಿಂದ ಗುಣಿಸಿದರೆ 78. ಅದರಿಂದ ಕೋಣೆಯ ತಾಪ, ಒಣ ಹಿಟ್ಟಿನ ತಾಪ, ಕೈಯಲ್ಲಿ ನಾದುವಾಗ ಏರುವ ಒಂದೆರಡು ಡಿಗ್ರಿ ಇಷ್ಟನ್ನು ಕಳೆಯಿರಿ. ಉಳಿದದ್ದು ನೀರಿನ ತಾಪ. ಏಪ್ರಿಲ್‌ನಲ್ಲಿ ಕೋಣೆ 34, ಒಣ ಹಿಟ್ಟು 34, ಮೇಲೆ 2. ನೀರು 8 ಡಿಗ್ರಿ, ಅಂದರೆ ಫ್ರಿಜ್ಜಿನ ನೀರು. ಡಿಸೆಂಬರ್‌ನಲ್ಲಿ 20, 20, 2 ಕಳೆದರೆ ನೀರು 36. ಆಗ ಮಾತ್ರ ಉಗುರುಬೆಚ್ಚಗೆ ಬೇಕು. ಇದರಲ್ಲಿ ಒಂದು ಎಚ್ಚರ: ಒಣ ಯೀಸ್ಟನ್ನು ನೇರವಾಗಿ ತಣ್ಣೀರಿಗೆ ಹಾಕಬೇಡಿ. ಹಾಗೆ ಮಾಡಿದರೆ ಯೀಸ್ಟಿನ ಕೋಶದೊಳಗಿನ ಸತ್ವ ಸೋರಿ ಹಿಟ್ಟು ಜೋಲಾಗುತ್ತದೆ. ಇನ್‌ಸ್ಟಂಟ್ ಯೀಸ್ಟಾದರೆ ಮೊದಲು ಒಣ ಹಿಟ್ಟಿಗೆ ಬೆರೆಸಿ, ಆಮೇಲೆ ತಣ್ಣೀರು. ದಪ್ಪ ಕಾಳಿನ ಆಕ್ಟಿವ್ ಡ್ರೈ ಯೀಸ್ಟಾದರೆ ಎರಡು ಚಮಚ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ. ನೊರೆ ಬಂದರೆ ಯೀಸ್ಟ್ ಬದುಕಿದೆ. ಬಾರದಿದ್ದರೆ ಆ ಪೊಟ್ಟಣ ಎಸೆಯಿರಿ. ತೆರೆದ ಪೊಟ್ಟಣ ಬೇಸಿಗೆಯಲ್ಲಿ ಕಪಾಟಿನಲ್ಲಿದ್ದರೆ ಬೇಗ ಬಲ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ.

ತಾಪಮಾಪಕ ನಿಮ್ಮ ಮನೆಯಲ್ಲಿದೆ, ಗೊತ್ತು. ಆದರೆ ಹುಳುಮನೆಯದ್ದನ್ನು ಹಿಟ್ಟಿಗೆ ಚುಚ್ಚಬೇಡಿ. ಅಲ್ಲಿ ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಸುಣ್ಣ ಎಲ್ಲ ಬಳಸುತ್ತೀರಿ. ಅಡುಗೆಗೆ ಬೇರೆಯದೇ ಒಂದು ಇರಲಿ.

ಈಗ ಅಳತೆ. 20 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಮಾಮೂಲಿ ಟಿನ್ನಿಗೆ 300 ಗ್ರಾಂ ಮೈದಾ, 190 ಮಿಲಿ ನೀರು, 6 ಗ್ರಾಂ ಉಪ್ಪು, 12 ಗ್ರಾಂ ಸಕ್ಕರೆ, 15 ಗ್ರಾಂ ಬೆಣ್ಣೆ ಸಾಕು. ಚಳಿಗಾಲದಲ್ಲಿ ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ, ಅಂದರೆ ಒಂದು ಟೀ ಚಮಚ. ಬೇಸಿಗೆಯಲ್ಲಿ ಅರ್ಧ ಚಮಚ. ಗೋಧಿ ಹಿಟ್ಟು ಬೆರೆಸುವುದಾದರೆ ಮೂರನೇ ಒಂದು ಭಾಗದಿಂದ ಶುರು ಮಾಡಿ, ನೀರನ್ನು ಎರಡು ಮೂರು ಚಮಚ ಹೆಚ್ಚಿಸಿ. ಕಲ್ಲಿನ ಗಿರಣಿಯಲ್ಲಿ ಬೀಸಿದ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಅದರಲ್ಲಿರುವ ತೌಡು ಗ್ಲುಟನ್ನಿನ ಎಳೆಗಳನ್ನು ಕತ್ತರಿಸುತ್ತದೆ. ಹಾಗಾಗಿ ಪೂರ್ತಿ ಗೋಧಿಹಿಟ್ಟಿನ ಬ್ರೆಡ್ ಅಂಗಡಿ ಬ್ರೆಡ್ಡಿನಷ್ಟು ಹಗುರಾಗದು. ಅದು ಅದರ ಗುಣ, ನಿಮ್ಮ ತಪ್ಪಲ್ಲ.

ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ. ಒಂದು ತುಣುಕನ್ನು ಎರಡೂ ಕೈಯಲ್ಲಿ ಹಿಗ್ಗಿಸಿದರೆ ಹರಿಯದೆ, ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಹೋಳಿಗೆ ಕಣಕ ಹದ ಮಾಡಿದ ಕೈಗೆ ಇದು ಹೊಸದಲ್ಲ. ಮುಚ್ಚಿಟ್ಟು, ಎರಡರಷ್ಟಾದ ಮೇಲೆ ಗಾಳಿ ಒತ್ತಿ ತೆಗೆದು, ಸುರುಳಿ ಸುತ್ತಿ ಟಿನ್ನಿಗೆ ಹಾಕಿ. ನೀವು ಸೋತದ್ದು ಈ ಎರಡನೇ ಉಬ್ಬಿನಲ್ಲಿ. ಹಿಟ್ಟಿನ ನೆತ್ತಿ ಟಿನ್ನಿನ ಅಂಚಿಗೆ ಬಂತೋ ಇಲ್ಲವೋ, ಓವನ್ ಆಗಲೇ ಕಾದಿರಬೇಕು. ಬೆರಳಿಗೆ ಹಿಟ್ಟು ಸವರಿ ಅರ್ಧ ಇಂಚು ಒತ್ತಿ ನೋಡಿ. ಒತ್ತಿದ ಗುಳಿ ತಟ್ಟನೆ ಮೇಲೆ ಬಂದರೆ ಇನ್ನೂ ಕಾಯಿರಿ. ನಿಧಾನವಾಗಿ ಬಂದು ಸಣ್ಣ ಗುರುತು ಉಳಿದರೆ ಅದೇ ಹೊತ್ತು. ಬರಲೇ ಇಲ್ಲವೆಂದರೆ ಮೀರಿಹೋಗಿದೆ. ಮೀರಿದರೂ ಎಸೆಯಬೇಕಿಲ್ಲ. ಗಾಳಿ ತೆಗೆದು ಮತ್ತೆ ಸುತ್ತಿ ಅರ್ಧ ಗಂಟೆ ಬಿಡಿ. ತೀರಾ ಸೊರಗಿದ್ದರೆ ಎಣ್ಣೆ ಸವರಿದ ತಟ್ಟೆಗೆ ಚಪ್ಪಟೆಯಾಗಿ ತಟ್ಟಿ, ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಉದುರಿಸಿ 220 ಡಿಗ್ರಿಯಲ್ಲಿ ಬೇಯಿಸಿ. ನಮ್ಮ ಮನೆಯಲ್ಲಿ ಅದಕ್ಕೆ ಬ್ರೆಡ್ಡಿಗಿಂತ ಹೆಚ್ಚು ಬೇಡಿಕೆ. ಬ್ರೆಡ್ಡಾದರೆ 190ರಿಂದ 200 ಡಿಗ್ರಿಯಲ್ಲಿ 30, 35 ನಿಮಿಷ. ಒಳತಾಪ 93 ಡಿಗ್ರಿ ಮುಟ್ಟಿದರೆ ಬೆಂದಿದೆ. ಪೂರ್ತಿ ಆರುವವರೆಗೆ ಕತ್ತರಿಸಬೇಡಿ. ಬಿಸಿಯಲ್ಲಿ ಕತ್ತರಿಸಿ ಒಳಗೆ ಅಂಟೆಂದು ಬೇಸರ ಪಟ್ಟವರನ್ನು ಬಹಳ ನೋಡಿದ್ದೇನೆ.

ಬೇಸಿಗೆಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ರಾತ್ರಿ ಊಟವಾದ ಮೇಲೆ ಅರ್ಧ ಚಮಚ ಯೀಸ್ಟ್ ಹಾಕಿ ನಾದಿ, ಅರ್ಧ ಗಂಟೆ ಹೊರಗಿಟ್ಟು ಫ್ರಿಜ್ಜಿಗೆ ಹಾಕಿ. ನಿಧಾನವಾಗಿ ಹುಳಿದ ಹಿಟ್ಟಿಗೆ ಬರುವ ರುಚಿ ಎರಡು ಗಂಟೆಯ ಹಿಟ್ಟಿಗೆ ಬರುವುದಿಲ್ಲ. ಬೆಳಗ್ಗೆ ಐದೂವರೆಗೆ, ಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ ಹೊರತೆಗೆದು ಸುತ್ತಿಟ್ಟರೆ ಬಿಸಿಲೇರುವ ಮೊದಲು ಬ್ರೆಡ್ ತಯಾರು. ಇದರ ಅಪಾಯ ಒಂದೇ: ರಾತ್ರಿ ಗಂಟೆಗಟ್ಟಲೆ ಕರೆಂಟ್ ಹೋದರೆ ಫ್ರಿಜ್ಜಿನೊಳಗೇ ಹಿಟ್ಟು ಹುಳಿದುಬಿಡುತ್ತದೆ. ಬೆಳಗ್ಗೆ ಪಾತ್ರೆ ತೆರೆದಾಗ ಹಿಟ್ಟು ಕುಸಿದು ನೀರಾಡಿದ್ದರೆ ಮೇಲೆ ಹೇಳಿದ ಖಾರದ ರೊಟ್ಟಿಗೆ ತಿರುಗಿಸಿ.

ಕರಬೂಜದ ವಾಸನೆ ಬಂತು ಎಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬೂಷ್ಟಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ಸಂಬಂಧಿಗಳ ಬೀಜಾಣುಗಳು ಮಣ್ಣಿನಿಂದ ಹಿಟ್ಟಿಗೆ ಬಂದಿರುತ್ತವೆ, ಓವನ್ನಿನ ಬಿಸಿಗೂ ಸಾಯುವುದಿಲ್ಲ. ಸೆಕೆ ಮತ್ತು ತೇವ ಸಿಕ್ಕರೆ ಒಂದೆರಡು ದಿನದಲ್ಲಿ ಬ್ರೆಡ್ಡಿನ ಒಳಗೆ ಬೆಳೆಯುತ್ತವೆ. ಮೊದಲು ಅತಿ ಮಾಗಿದ ಹಣ್ಣಿನ ವಾಸನೆ, ಆಮೇಲೆ ಕಂದು ಬಣ್ಣ. ಬ್ರೆಡ್ ಮುರಿದು ಎಳೆದರೆ ಜೇಡದ ಬಲೆಯಂತೆ ನೂಲು ಬರುತ್ತದೆ. ಅಂಥ ಬ್ರೆಡ್ಡನ್ನು ದನಕ್ಕೂ ಕೋಳಿಗೂ ಹಾಕದೆ ಎಸೆಯಿರಿ. ಟಿನ್ನು, ಹಲಗೆ, ಚಾಕು, ಬ್ರೆಡ್ ಇಟ್ಟ ಡಬ್ಬಿ ಎಲ್ಲವನ್ನೂ ಸೋಪಿನಿಂದ ತೊಳೆದು ವಿನಿಗರ್ ಸವರಿ ಬಿಸಿಲಿಗಿಡಿ. ಹಿಟ್ಟಿನ ಆ ಚೀಲವನ್ನು ಬ್ರೆಡ್ಡಿಗೆ ಬಳಸಬೇಡಿ. ಇನ್ನು ಮುಂದೆ ಮಾರ್ಚ್‌ನಿಂದ ಮೇವರೆಗೆ 300 ಗ್ರಾಂ ಹಿಟ್ಟಿಗೆ ಅರ್ಧ ಟೀ ಚಮಚಕ್ಕೆ ತುಸು ಹೆಚ್ಚು ವಿನಿಗರ್ ಸೇರಿಸಿ. ಹುಳಿ ಹೆಚ್ಚಿದರೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು, ನಾಲಿಗೆಗೆ ವಿನಿಗರ್ ತಿಳಿಯುವುದೂ ಇಲ್ಲ. ಬ್ರೆಡ್ ಸ್ವಲ್ಪ ಬೆಚ್ಚಗಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದರೆ ಈ ಪೀಡೆಗೆ ಬಾಗಿಲು ತೆರೆದಂತೆ. ಫ್ರಿಜ್ಜಿನಲ್ಲಿಟ್ಟರೆ ಕೆಡುವುದು ತಡವಾಗುತ್ತದೆ ನಿಜ, ಆದರೆ ಬ್ರೆಡ್ ಅತ್ಯಂತ ಬೇಗ ಒರಟಾಗುವುದೂ ಆ ನಾಲ್ಕು ಡಿಗ್ರಿಯಲ್ಲೇ. ಅದರ ಬದಲು ಹೋಳು ಮಾಡಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ನೇರವಾಗಿ ಕಾವಲಿ ಮೇಲೆ ತುಪ್ಪ ಹಾಕಿ ಸುಡಿ.

ನೀರಿನ ಮಾತಿಗೆ ಬರುತ್ತೇನೆ. ಬೋರ್‌ವೆಲ್ ನೀರು ಯೀಸ್ಟನ್ನು ಕೊಲ್ಲುವುದಿಲ್ಲ. ಸ್ವಲ್ಪ ಗಡಸು ನೀರು ಬ್ರೆಡ್ಡಿಗೆ ಒಳ್ಳೆಯದೇ, ಅದರ ಖನಿಜಗಳು ಗ್ಲುಟನ್ನಿಗೆ ಬಲ ಕೊಡುತ್ತವೆ. ಅತಿ ಗಡಸಾದರೆ ಹಿಟ್ಟು ಬಿಗಿಯಾಗಿ ನಿಧಾನವಾಗಿ ಉಬ್ಬುತ್ತದೆ. ನಿಮ್ಮ ಹಿಟ್ಟಿನ ತೊಂದರೆ ಬೇಗ ಉಬ್ಬುವುದು. ಅಂದಮೇಲೆ ನೀರಿನ ಮೇಲಿನ ಆರೋಪ ನಿಲ್ಲುವುದಿಲ್ಲ. ಕುಡಿಯಲು ತರುವ ಶುದ್ಧ ನೀರಿನ ಘಟಕದ ನೀರನ್ನೇ ಹಾಕಿದರೂ ಬ್ರೆಡ್ ಚೆನ್ನಾಗಿಯೇ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಅದು ಕುದಿಸಿದರೂ ಬೇಯಿಸಿದರೂ ಹೋಗುವುದಿಲ್ಲ. ಹಾಗಾಗಿ ಯೀಸ್ಟಿಗಾಗಿ ಅಲ್ಲದಿದ್ದರೂ ಮನೆಯವರ ಹಲ್ಲು ಮೂಳೆಗಾಗಿ ಅಡುಗೆಗೂ ಆ ಘಟಕದ ನೀರನ್ನೇ ಬಳಸುವುದು ಲೇಸು.

ಉಪ್ಪು ಯೀಸ್ಟಿನ ವೇಗವನ್ನು ತಗ್ಗಿಸುತ್ತದೆ, ಅಷ್ಟೇ. ಹಿಟ್ಟಿನ ನೂರಕ್ಕೆ ಎರಡರಷ್ಟು ಉಪ್ಪು ಯಾವ ಯೀಸ್ಟನ್ನೂ ಕೊಂದಿಲ್ಲ. ಎರಡನ್ನೂ ಒಂದೇ ಚಮಚದಲ್ಲಿ ಒದ್ದೆಯಾಗಿ ಗಂಟೆಗಟ್ಟಲೆ ಇಡದಿದ್ದರೆ ಸಾಕು. ಬೇಸಿಗೆಯಲ್ಲಂತೂ ಉಪ್ಪನ್ನು ಕಡಿಮೆ ಮಾಡಲೇಬೇಡಿ, ಹಿಟ್ಟಿಗೆ ಕಡಿವಾಣ ಅದೇ.

ಇನ್ನು ನಿಮ್ಮತ್ತೆಯವರ ಮಾತು. ಯೀಸ್ಟ್ ಒಂದು ಬಗೆಯ ಶಿಲೀಂಧ್ರ, ಅಣಬೆಯ ಕುಲದ್ದು. ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆಯೇ ಇರುತ್ತದೆ. ಹೆಂಡಕ್ಕೂ ಬ್ರೆಡ್ಡಿಗೂ ಅದೇ ಜಾತಿಯ ಯೀಸ್ಟ್ ಕೆಲಸ ಮಾಡುತ್ತದೆ ಎನ್ನುವುದು ನಿಜ. ಹಿಟ್ಟಿನಲ್ಲಿ ಆಗುವ ಆಲ್ಕೊಹಾಲಿನ ಬಹುಪಾಲು ಬೇಯುವಾಗ ಹಾರಿಹೋಗುತ್ತದೆ ಎನ್ನುವುದೂ ನಿಜ. ಇಡ್ಲಿ ಹಿಟ್ಟು ಹುಳಿಯುವಾಗಲೂ ಬ್ಯಾಕ್ಟೀರಿಯಾಗಳ ಜೊತೆ ಕಾಡು ಯೀಸ್ಟುಗಳು ಇರುತ್ತವೆ. ಇಷ್ಟನ್ನು ಅವರಿಗೆ ಹೇಳಿ ನೋಡಿ. ಕೇಳಿಯೂ ಬೇಡವೆಂದರೆ ಅದು ಅವರ ನೇಮ, ಬಲವಂತ ಮಾಡಬೇಡಿ. ಅವರಿಗಾಗಿ ಮಜ್ಜಿಗೆ ಮತ್ತು ಅಡುಗೆ ಸೋಡಾ ಹಾಕಿದ ಬ್ರೆಡ್ ಮಾಡಿ. ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಮಾಡುವ ಬಗೆ ಅದು. 250 ಗ್ರಾಂ ಹಿಟ್ಟು, ಅರ್ಧ ಮೈದಾ ಅರ್ಧ ಗೋಧಿ ಆದರೂ ಸರಿ. ಮುಕ್ಕಾಲು ಟೀ ಚಮಚ ಸೋಡಾ, ಮುಕ್ಕಾಲು ಚಮಚ ಉಪ್ಪು, ಸುಮಾರು 200 ಮಿಲಿ ಹುಳಿ ಮಜ್ಜಿಗೆ. ನಾದಬಾರದು, ಕಲಸಿ ಉಂಡೆ ಮಾಡಿ ಮೇಲೆ ಅಡ್ಡಡ್ಡ ಗೀರು ಹಾಕಿ ತಕ್ಷಣ 200 ಡಿಗ್ರಿಗೆ ಇಡಿ, 35ರಿಂದ 40 ನಿಮಿಷ. ಸೋಡಾ ಹೆಚ್ಚಾದರೆ ಹಳದಿಯಾಗಿ ಸೋಪಿನ ರುಚಿ ಬರುತ್ತದೆ. ಮಜ್ಜಿಗೆ ಹುಳಿಯಿರಲೇಬೇಕು, ಸೋಡಾ ಅನಿಲ ಬಿಡುವುದು ಆ ಹುಳಿಗೆ.

ಪಾಪೋವರ್ ವಿಚಾರದಲ್ಲಿ ನೀವು ಎಡವಿದ್ದು ಬೇರೆ ಕಡೆ. ಬ್ರೆಡ್ಡಿನ ನಿಯಮಗಳನ್ನು ಅದಕ್ಕೂ ಹೊಂದಿಸಿದಿರಿ. ಪಾಪೋವರ್‌ಗೆ ಯೀಸ್ಟಿಲ್ಲ, ಸೋಡಾ ಇಲ್ಲ. ಅದು ಉಬ್ಬುವುದು ಹಬೆಯಿಂದ ಮಾತ್ರ. ನಿಮ್ಮ ಬಾಣಲೆಯ ಪೂರಿ ಹೇಗೆ ಉಬ್ಬುತ್ತದೋ ಹಾಗೆಯೇ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕಾದ ಅಚ್ಚಿಗೆ ತೆಳ್ಳನೆಯ ಹಿಟ್ಟು ಬಿದ್ದ ಕೂಡಲೇ ಅಂಚು ಗಟ್ಟಿಯಾಗುತ್ತದೆ, ನಡುವಿನ ನೀರು ಹಬೆಯಾಗಿ ಮೇಲಕ್ಕೆ ತಳ್ಳುತ್ತದೆ, ಮೊಟ್ಟೆಯ ಪ್ರೋಟೀನು ರಬ್ಬರಿನಂತೆ ಹಿಗ್ಗಿ ಆಮೇಲೆ ಗಟ್ಟಿಯಾಗಿ ಗೋಡೆಯಾಗಿ ನಿಲ್ಲುತ್ತದೆ. ಒಳಗೆ ಪೊಳ್ಳು, ಹೊರಗೆ ಗರಿಗರಿ. ಇಂಗ್ಲೆಂಡಿನ ಯಾರ್ಕ್‌ಷೈರ್ ಪುಡಿಂಗಿನ ಅಮೆರಿಕದ ತಂಗಿ ಇದು. ಅಮೆರಿಕದ ಮೇನ್ ರಾಜ್ಯದಲ್ಲಿರುವ ಅಕೇಡಿಯ ರಾಷ್ಟ್ರೀಯ ಉದ್ಯಾನದ ಜೋರ್ಡನ್ ಪಾಂಡ್ ಹೌಸ್‌ನಲ್ಲಿ ಇದನ್ನು ಬೆಣ್ಣೆ, ಜಾಮು, ಚಹಾದ ಜೊತೆ ಕೊಡುವುದು ಹಳೆಯ ರೂಢಿ.

ಹಾಗಾಗಿ ಎರಡು ಗಂಟೆ ಬೆಚ್ಚಗೆ ಇಟ್ಟದ್ದರಿಂದ ಏನೂ ಸಿಗಲಿಲ್ಲ. ಬೇಸಿಗೆಯಲ್ಲಿ ಹಸಿ ಮೊಟ್ಟೆ ಮತ್ತು ಹಾಲಿನ ಹಿಟ್ಟನ್ನು ಅಷ್ಟು ಹೊತ್ತು ಹೊರಗಿಡುವುದು ಹೊಟ್ಟೆಗೂ ಅಪಾಯ. ಅರ್ಧ ಗಂಟೆ ಸಾಕು, ಹಿಟ್ಟು ನೀರು ಕುಡಿಯಲು. ಬೇಕಿಂಗ್ ಪೌಡರ್ ಹಾಕಿದರೆ ಒಂದು ದೊಡ್ಡ ಪೊಳ್ಳಿನ ಬದಲು ನೂರಾರು ಸಣ್ಣ ತೂತಾಗಿ ಹಬೆ ಅಲ್ಲಲ್ಲೇ ಸೋರಿಹೋಗುತ್ತದೆ.

ನಿಜವಾದ ಕೊರತೆ ನಾಟಿ ಮೊಟ್ಟೆಯಲ್ಲಿದೆ ಎಂದು ನನ್ನ ಅಂದಾಜು. ಅಮೆರಿಕದ ಅಳತೆಯಲ್ಲಿ ಎರಡು ದೊಡ್ಡ ಮೊಟ್ಟೆ ಅಂದರೆ ಸಿಪ್ಪೆ ತೆಗೆದು 100 ಗ್ರಾಂ. ನಾಟಿ ಮೊಟ್ಟೆ ರುಚಿಗೆ ಮೇಲು, ಆದರೆ ಗಾತ್ರದಲ್ಲಿ ಚಿಕ್ಕದು. ಎರಡು ಒಡೆದರೆ 70 ಗ್ರಾಂ ಆಸುಪಾಸು ಸಿಗಬಹುದು. ಗೋಡೆ ಕಟ್ಟುವ ಸಾಮಾನಿನಲ್ಲೇ ಮೂರನೇ ಒಂದು ಭಾಗ ಕಡಿಮೆಯಾಯಿತು. ಕಪ್ಪಿನದೂ ಅದೇ ಕತೆ: ಅವರ ಕಪ್ 240 ಮಿಲಿ, ಅದರಲ್ಲಿ ಮೈದಾ 120 ಗ್ರಾಂ. ನಮ್ಮ ಮನೆಯ ಕಪ್ಪಿಗೆ ಒತ್ತಿ ತುಂಬಿದರೆ 150 ಆದೀತು. ಮೊಟ್ಟೆ ಕಡಿಮೆ, ಹಿಟ್ಟು ಹೆಚ್ಚು ಆದರೆ ಕಡುಬೇ ಆಗುವುದು. ತೂಕ ಮಾಡಿ: ಮೊಟ್ಟೆ 100 ಗ್ರಾಂ, ನಾಟಿಯಾದರೆ ಮೂರು ಬೇಕಾಗುತ್ತದೆ. ಮೈದಾ 120 ಗ್ರಾಂ, ಹಾಲು 240 ಮಿಲಿ, ಅರ್ಧ ಚಮಚ ಉಪ್ಪು, ಒಂದು ಚಮಚ ಕರಗಿಸಿದ ತುಪ್ಪ. ಹಾಲು ಗಟ್ಟಿಯಾಗಿದ್ದರೆ ಕಾಲು ಭಾಗ ನೀರು ಬೆರೆಸಿ, ಗರಿ ಹೆಚ್ಚುತ್ತದೆ. ಕಲಸಿದ ಹಿಟ್ಟು ನೀರುದೋಸೆ ಹಿಟ್ಟಿಗಿಂತ ತುಸು ದಪ್ಪ ಇರಬೇಕು, ಅಷ್ಟೇ. ಗಂಟುಗಳು ಒಂದೆರಡಿದ್ದರೆ ಇರಲಿ. ಫ್ರಿಜ್ಜಿನಿಂದ ತೆಗೆದ ಹಾಲು ಮೊಟ್ಟೆ ತಣ್ಣಗಿದ್ದರೆ ಹಬೆ ಏಳುವುದು ತಡ, ಹೊರತಾಪಕ್ಕೆ ಬಂದಿರಲಿ.

ಅಚ್ಚು ಅಗಲವಾಗಿರಬಾರದು. ಆಳವಾದ, ಕಿರಿದಾದ ಬಟ್ಟಲಾದರೆ ಹಬೆಗೆ ಮೇಲಕ್ಕೇ ದಾರಿ. ಮಫಿನ್ ಟ್ರೇ ಇಲ್ಲದಿದ್ದರೆ ಗಟ್ಟಿ ಸ್ಟೀಲಿನ ಚಿಕ್ಕ ಬಟ್ಟಲುಗಳನ್ನು ಒಂದು ಟ್ರೇಯಲ್ಲಿ ಜೋಡಿಸಿ. ಗಾಜು, ಪಿಂಗಾಣಿ ಬೇಡ, ಕಾದದ್ದಕ್ಕೆ ಹಿಟ್ಟು ಸುರಿದಾಗ ಸೀಳಬಹುದು. ಪ್ರತಿ ಬಟ್ಟಲಿಗೆ ಅರ್ಧ ಚಮಚ ತುಪ್ಪ ಹಾಕಿ ಬಟ್ಟಲುಗಳ ಸಮೇತ ಓವನ್ನನ್ನು 225 ಡಿಗ್ರಿಗೆ ಪೂರ್ತಿ 20 ನಿಮಿಷ ಕಾಯಿಸಿ. ದೀಪ ಆರಿತೆಂದು ನಂಬಬೇಡಿ, ಗಾಳಿ ಕಾದಿರುತ್ತದೆ, ಗೋಡೆ ಕಾದಿರುವುದಿಲ್ಲ. ತುಪ್ಪವನ್ನೇ ಹೇಳಲು ಕಾರಣವಿದೆ: ಬೆಣ್ಣೆಯಲ್ಲಿರುವ ಹಾಲಿನ ಅಂಶ ಆ ಬಿಸಿಗೆ ಕರಿಯಾಗುತ್ತದೆ, ತುಪ್ಪ ತಡೆಯುತ್ತದೆ. ದಪ್ಪ ಬಟ್ಟೆ ಹಿಡಿದು ಬೇಗ ಬೇಗ ಅರ್ಧದಷ್ಟು ಹಿಟ್ಟು ಸುರಿದು ಅತ್ಯಂತ ಕೆಳಗಿನ ಹಂತದಲ್ಲಿಡಿ. 20 ಲೀಟರ್ ಓಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿರುತ್ತದೆ, ಉಬ್ಬಿದ ನೆತ್ತಿ ಅದಕ್ಕೆ ತಾಗಿ ಸುಡುತ್ತದೆ. 20 ನಿಮಿಷದ ನಂತರ ಬಾಗಿಲು ತೆರೆಯದೆ 180ಕ್ಕೆ ಇಳಿಸಿ ಇನ್ನೂ 15 ನಿಮಿಷ. ಮಗಳು ಇಣುಕಬೇಕೆಂದರೆ ಗಾಜಿನಿಂದಲೇ ನೋಡಲಿ. ಹತ್ತನೇ ನಿಮಿಷಕ್ಕೆ ಬಾಗಿಲು ತೆರೆದರೆ ಗೋಡೆ ಇನ್ನೂ ಹಸಿ, ತಣ್ಣಗಾಳಿ ತಾಗಿ ಹಬೆ ಕುಗ್ಗಿದ ಕೂಡಲೇ ಬಿದ್ದುಹೋಗುತ್ತದೆ. ತೆಗೆದ ಮೇಲೆ ಪ್ರತಿಯೊಂದರ ಪಕ್ಕಕ್ಕೆ ಚಾಕುವಿನಿಂದ ಸಣ್ಣ ಸೀಳು ಹಾಕಿ, ಒಳಗಿನ ಹಬೆ ಹೊರಟರೆ ಗರಿ ಉಳಿಯುತ್ತದೆ. ಕರೆಂಟ್ ಹೋಗುವ ಹೊತ್ತಿನಲ್ಲಿ ಇದನ್ನು ಮಾಡಲೇಬೇಡಿ. ಬ್ರೆಡ್ ಹಿಟ್ಟನ್ನು ಫ್ರಿಜ್ಜಿಗೆ ತಳ್ಳಿ ಉಳಿಸಿಕೊಳ್ಳಬಹುದು. ಅರ್ಧ ಉಬ್ಬಿದ ಪಾಪೋವರ್ ಉಳಿಸಿಕೊಳ್ಳುವ ದಾರಿ ಇಲ್ಲ.

ಮೊಟ್ಟೆಯಿಲ್ಲದ ಪಾಪೋವರ್? ಆಗುವುದಿಲ್ಲ. ಮೊಸರು, ಅಗಸೆಬೀಜ, ಬಾಳೆಹಣ್ಣು ಇವು ಕೇಕಿನಲ್ಲಿ ಮೊಟ್ಟೆಯ ಜಾಗ ತುಂಬಬಲ್ಲವು. ಪಾಪೋವರ್‌ನಲ್ಲಿ ಗೋಡೆಯೇ ಮೊಟ್ಟೆ. ನಾನು ಎಷ್ಟೋ ಬಗೆ ಮಾಡಿ ನೋಡಿದ್ದೇನೆ, ಒಂದೂ ನಿಲ್ಲಲಿಲ್ಲ. ನಿಮ್ಮತ್ತೆಗೆ ಪೊಳ್ಳಾಗಿ ಉಬ್ಬಿದ್ದೇ ಬೇಕೆಂದರೆ ಗೋಧಿ ಹಿಟ್ಟನ್ನು ಮೊಸರು, ಚೂರು ಸೋಡಾ ಹಾಕಿ ಮೆತ್ತಗೆ ಕಲಸಿ, ಅರ್ಧ ಗಂಟೆ ಬಿಟ್ಟು, ಅಂಗೈಯಗಲ ಲಟ್ಟಿಸಿ. ಖಾಲಿ ಟ್ರೇಯನ್ನು ಓವನ್ನಿನ ಅತಿ ಹೆಚ್ಚಿನ ಬಿಸಿಯಲ್ಲಿ ಕಾಯಿಸಿ ಅದರ ಮೇಲೆ ಹಾಕಿದರೆ ಮೂರು ನಾಲ್ಕು ನಿಮಿಷಕ್ಕೆ ಪೂರಿಯಂತೆ ಉಬ್ಬುತ್ತದೆ. ಎಣ್ಣೆಯೂ ಇಲ್ಲ, ಮೊಟ್ಟೆಯೂ ಇಲ್ಲ, ಯೀಸ್ಟೂ ಇಲ್ಲ. ಹಬೆಯ ಕೆಲಸವೇ ಅಲ್ಲೂ.

ರಾಗಿ ಬ್ರೆಡ್ ಬಗ್ಗೆ ಕೇಳಿದ್ದು ನನಗೆ ಸಂತೋಷ. ನಮ್ಮ ಸೀಮೆಯ ಧಾನ್ಯ ಅದು, ಹಾಗೆಂದು ಮೈದಾ ಬದಲು ಅದನ್ನೇ ಸುರಿದರೆ ಇಟ್ಟಿಗೆ ಬರುತ್ತದೆ. ರಾಗಿಯಲ್ಲಿ ಗ್ಲುಟನ್ ಇಲ್ಲ. ಹಿಟ್ಟಿನ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಕದಿದ್ದರೆ ಒಳ್ಳೆಯದು. ಆ ಪಾಲಿನಲ್ಲೂ ಸ್ವಲ್ಪವನ್ನು ಗಂಜಿ ಮಾಡಿ ಹಾಕಬೇಕು. 60 ಗ್ರಾಂ ರಾಗಿಹಿಟ್ಟಿನಲ್ಲಿ 20 ಗ್ರಾಂ ತೆಗೆದು 100 ಮಿಲಿ ನೀರಿನಲ್ಲಿ ಕದಡಿ, ಅಂಬಲಿಗಿಂತ ಗಟ್ಟಿಯಾಗುವವರೆಗೆ ಕೈಯಾಡಿಸಿ ಪೂರ್ತಿ ಆರಿಸಿ. ಉಳಿದ 40 ಗ್ರಾಂ ರಾಗಿ, 240 ಗ್ರಾಂ ಮೈದಾ, ಮೇಲೆ ಹೇಳಿದ ಉಪ್ಪು, ಬೆಣ್ಣೆ, ಯೀಸ್ಟ್. ಸಕ್ಕರೆಯ ಬದಲು ಬೆಲ್ಲ ಚೆನ್ನ. ನೀರು 110 ಮಿಲಿಯಷ್ಟು ಬೇಕಾದೀತು, ಒಮ್ಮೆಗೇ ಸುರಿಯದೆ ನೋಡಿಕೊಂಡು ಹಾಕಿ. ಬೆಂದ ರಾಗಿಯ ಪಿಷ್ಟ ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ, ಹಾಗಾಗಿ ಎರಡನೇ ದಿನವೂ ಬ್ರೆಡ್ ಮೆತ್ತಗಿರುತ್ತದೆ. ಹಿಟ್ಟು ಸ್ವಲ್ಪ ಕೈಗಂಟುತ್ತದೆ. ಮುದ್ದೆ ಕಟ್ಟುವಾಗಿನಂತೆ ಕೈ ಒದ್ದೆ ಮಾಡಿಕೊಂಡು ಮಡಚುತ್ತ ಹೋಗಿ. ಒಣ ಹಿಟ್ಟು ಸುರಿಯಬೇಡಿ. ಗಂಜಿ ಬಿಸಿಯಾಗಿದ್ದಾಗಲೇ ಹಾಕಿದರೆ ಮಾತ್ರ ಯೀಸ್ಟ್ ಸಾಯುತ್ತದೆ. 55, 60 ಡಿಗ್ರಿಗೆ ಅದು ತಡೆಯದು.

ದೊಡ್ಡ ಓವನ್ ಬೇಡ. ಈಗಿರುವುದರಲ್ಲೇ ಬ್ರೆಡ್ಡೂ ಆಗುತ್ತದೆ, ಆರು ಪಾಪೋವರೂ ಆಗುತ್ತವೆ. ಅದರ ಬದಲು ಓವನ್ನಿನೊಳಗೆ ಇಡುವ ಒಂದು ಸಣ್ಣ ತಾಪಮಾಪಕ ತನ್ನಿ. ಓಟಿಜಿಗಳ ಗುಂಡಿ 200 ತೋರಿಸುವಾಗ ಒಳಗೆ 175 ಅಥವಾ 225 ಇರುವುದು ಬಹಳ ಸಾಮಾನ್ಯ. ಜೊತೆಗೆ ಗ್ರಾಂ ತೋರಿಸುವ ಅಡುಗೆ ತಕ್ಕಡಿ ಒಂದು. ಇನ್ನೊಂದು ಕೆಲಸ ಇವತ್ತೇ ಮಾಡಿ: ಓವನ್ ಯಾವ ಪ್ಲಗ್ಗಿಗೆ ಹಾಕಿದ್ದೀರಿ ನೋಡಿ. 1,500 ವ್ಯಾಟಿನದಾದರೂ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ ಚಿಕ್ಕ ಸಾಕೆಟ್ಟಿಗೂ ಎಕ್ಸ್‌ಟೆನ್ಶನ್ ಬೋರ್ಡಿಗೂ ಅದು ಹೆಚ್ಚಾಯಿತು. ಗೋಡೆಯಲ್ಲಿ ಭೂತಂತಿ ಇರುವ 16 ಆಂಪಿಯರಿನ ದಪ್ಪ ಸಾಕೆಟ್ ಇರಬೇಕು. ಪ್ಲಗ್ ಮುಟ್ಟಿದರೆ ಬಿಸಿ ಅನಿಸಿದರೆ ಮೊದಲು ವೈರಿಂಗಿನವರನ್ನು ಕರೆಸಿ ಸರಿಪಡಿಸಿಕೊಳ್ಳಿ, ಬ್ರೆಡ್ ಆಮೇಲೆ.